ಎರಡು ಪೌಂಡಿನ ಟ್ರಿಗರ್

ಹೆಂಡತಿಗೆ ಟ್ರಿಗರ್ ಕೊಡಿಸಲು ಹೊರಟ ಗಂಡಸು ಖುಷಿಯಾಗಿರಬೇಕು, ಇಲ್ಲವೇ ಖುಷಿಯಾಗಿರುವ ಹಾಗೆ ನಟಿಸಬೇಕು. ಮೆರ್ಲ್ ಕ್ಲಿಂಗರ್‌ಗೆ ಎರಡೂ ಆಗುತ್ತಿರಲಿಲ್ಲ. ಮಾರ್ಚ್ ತಿಂಗಳ ಕರಗಿದ ಹಿಮ ರಸ್ತೆಯ ಎರಡೂ ಬದಿಗೆ ಕೆಸರಾಗಿ ಕೂತಿತ್ತು. ಪಿಕಪ್ಪಿನ ಗಾಲಿ ಅದರ ಮೇಲೆ ಹೋದಾಗಲೆಲ್ಲ ಚಪಚಪ ಸದ್ದು. ಪಕ್ಕದಲ್ಲಿ ಲೋರ್ನಾ ರೈಫಲಿನ ಚೀಲವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಅದಕ್ಕೆ ಗಲ್ಲ ಆನಿಸಿ, ಚರ್ಚಿನ ಯಾವುದೋ ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದಳು. ಈ ಗುನುಗು ಮೂವತ್ತೈದು ವರ್ಷದಿಂದ ಅವನ ಕಿವಿಗೆ ಬಿದ್ದದ್ದೇ. ಆದರೆ ಈಚೆಗೆ ಅದರಲ್ಲಿ ಏನೋ ಒಂದು ಹೆಚ್ಚಿನ ನೆಮ್ಮದಿ ಸೇರಿಕೊಂಡ ಹಾಗೆ, ಅದು ತನ್ನಿಂದಲೇ ಕಿತ್ತುಕೊಂಡ ನೆಮ್ಮದಿ ಎನ್ನುವ ಹಾಗೆ ಅವನಿಗೆ ಕೇಳಿಸುತ್ತಿತ್ತು. ಥತ್, ಹೆಂಡತಿ ಹಾಡಿದರೂ ಹೊಟ್ಟೆ ಉರಿಯುವ ಮಟ್ಟಕ್ಕೆ ಬಂದೆನಲ್ಲ ಎಂದು ನಾಚಿಕೆಪಟ್ಟುಕೊಂಡ. ನಾಚಿಕೆಪಟ್ಟ ಮಾತ್ರಕ್ಕೆ ಉರಿ ಕಡಿಮೆಯಾಗಲಿಲ್ಲ. ನಾಡಿದ್ದು ಶನಿವಾರ ಊರಿನ ಕೋವಿ ಸಂಘದಲ್ಲಿ ಗುರಿ ಹೊಡೆಯುವ ಪಂದ್ಯ. ಸಂಘದಿಂದ ರಾಜ್ಯದ ಪಂದ್ಯಕ್ಕೆ ಹೋಗುವ ಐವರಲ್ಲಿ ನಾಲ್ವರ ಹೆಸರು ಆಗಲೇ ಗೋಡೆಯ ಮೇಲಿತ್ತು. ಐದನೆಯ ಜಾಗ ಹದಿನೆಂಟು ವರ್ಷದಿಂದ ಮೆರ್ಲ್‌ನದು; ಅದು ಅವನ ಮೂಗಿನಷ್ಟೇ ಅವನದು ಎಂದು ಎಲ್ಲರೂ ಅಂದುಕೊಂಡಿದ್ದರು. ಈ ಚಳಿಗಾಲದ ಹನ್ನೊಂದು ಪಂದ್ಯ ಮುಗಿಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಸಮಸಮ. ಶನಿವಾರ ಇಬ್ಬರಲ್ಲಿ ಯಾರು ಹೆಚ್ಚು ಹೊಡೆಯುತ್ತಾರೋ ಅವರು ಹೋಗುತ್ತಾರೆ, ಇನ್ನೊಬ್ಬರು ಮನೆಯಲ್ಲಿ ಕೂರುತ್ತಾರೆ.

ಕೋವಿ ಆನಿಸಿ ಹೊಡೆಯುವ ಆ ಬೆಂಚಿಗೆ ಅವಳನ್ನು ಕೂರಿಸಿದವನು ತಾನೇ ಎನ್ನುವುದು ಅವನ ಗಂಟಲಲ್ಲಿ ಸಿಕ್ಕ ಮುಳ್ಳು. ಕಳೆದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದಾಗ, ಮೂರು ಶನಿವಾರ ಖಾಲಿ ಬಿಟ್ಟರೆ ಬೆಂಚು ಕೈತಪ್ಪುತ್ತದೆ, ಮನೆಯವರು ಯಾರಾದರೂ ಕೂತರೂ ಆದೀತು ಎನ್ನುವ ಸಂಘದ ಕಟ್ಟಳೆ ನೆನಪಾಗಿ, "ಹೋಗಿ ಸುಮ್ನೆ ಕೂತು ಬಾ ಕಣೇ, ಗುರಿ ಗಿರಿ ಬಿದ್ದರೆಷ್ಟು ಬಿಟ್ಟರೆಷ್ಟು" ಅಂದಿದ್ದ. ಅವಳು ತನ್ನ ತಮ್ಮ ಬಳಸಿ ಬಿಟ್ಟಿದ್ದ ಸಣ್ಣ ತೋಟಾದ ರೈಫಲ್ ಹಿಡಿದುಕೊಂಡು ಹೋದಳು. ಅವಳು ಮನೆ ತಲುಪುವ ಮೊದಲೇ ಸಂಘದ ಲೆಕ್ಕ ಬರೆಯುವ ಫರ್ನ್ ಹಾಪ್ಟ್ ಫೋನು ಮಾಡಿದ್ದರು. ಎಪ್ಪತ್ತೆಂಟರ ಮುದುಕಿ, ಗಂಟಲು ಮಾತ್ರ ಇಪ್ಪತ್ತರದು. "ಮೆರ್ಲ್, ಕೂತಿದ್ದೀಯಾ? ಕೂತ್ಕೋ. ನಿನ್ನ ಹೆಂಡತಿ ಇನ್ನೂರ ಐವತ್ತಕ್ಕೆ ಇನ್ನೂರ ನಲವತ್ತನಾಲ್ಕು!" ಇಪ್ಪತ್ತೈದು ಸಣ್ಣ ಚುಕ್ಕೆ, ಒಂದೊಂದಕ್ಕೂ ಒಂದೇ ಗುಂಡು, ಒಂದೊಂದಕ್ಕೂ ಹೆಚ್ಚೆಂದರೆ ಹತ್ತು ಅಂಕ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮೆರ್ಲ್ ಕತ್ತಲಲ್ಲೇ ಆ ಅಂಕಿಯನ್ನು ನೋಡಿದ. ಮೊದಲ ದಿನವೇ ಇನ್ನೂರ ನಲವತ್ತನಾಲ್ಕು! ಅಷ್ಟು ಹೊಡೆಯಲು ಅವನಿಗೆ ಆರು ವರ್ಷ ಹಿಡಿದಿತ್ತು. "ಅಯ್ಯೋ, ಒಳ್ಳೇದಾಯ್ತಲ್ಲ" ಅಂದ. ಹಾಗೆ ಅಂದ ತನ್ನ ದನಿ ಈಗಲೂ ಅವನಿಗೆ ಕೇಳಿಸುತ್ತದೆ, ಸತ್ತವರ ಮನೆಯಲ್ಲಿ ಆಡುವ ಮಾತಿನ ದನಿ.

ಆಕೆಯ ರೈಫಲಿನ ಟ್ರಿಗರ್ ಕಾರ್ಖಾನೆಯಿಂದ ಬಂದದ್ದು ಬಂದ ಹಾಗೇ ಇತ್ತು. ಎಳೆಯಲು ಐದು ಪೌಂಡು ಬಲ ಬೇಕು, ಅದೂ ನೇರವಾಗಿ ಬರುವುದಿಲ್ಲ, ಮರಳು ಸೇರಿದ ಬಾಗಿಲಿನ ಹಾಗೆ ಕರಕರ ಅಂದುಕೊಂಡು ಬರುತ್ತದೆ. ಆ ದರಿದ್ರ ಟ್ರಿಗರ್ ಇಟ್ಟುಕೊಂಡೇ ಅವಳು ತನಗೆ ಸಮನಾಗಿ ನಿಂತಿದ್ದಾಳೆ. ಇನ್ನು ಒಳ್ಳೆಯದು ಸಿಕ್ಕಿಬಿಟ್ಟರೆ? ಈ ಪ್ರಶ್ನೆಯನ್ನು ಅವನು ಅಕ್ಟೋಬರಿನಿಂದ ನುಂಗಿಕೊಂಡೇ ಬಂದಿದ್ದ. ಅವಳು ಕೇಳಿದಾಗಲೆಲ್ಲ "ನೋಡೋಣ", "ಚಳಿ ಕಳೀಲಿ", "ಈಗ ಬದಲಾಯಿಸಿದರೆ ಕೈ ಅಭ್ಯಾಸ ತಪ್ಪುತ್ತೆ". ಎಲ್ಲರಿಗೂ ಗೊತ್ತಿದ್ದ ಸಂಗತಿ ಏನೆಂದರೆ, ಆ ಕಣಿವೆಯಲ್ಲಿ ಯಾರಿಗೆ ಟ್ರಿಗರ್ ಬೇಕಾದರೂ ಮೆರ್ಲ್‌ನನ್ನೇ ಕೇಳುವುದು. ಸಾಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರ ದುರಸ್ತಿ ಮಾಡಿದ ಕೈ. ಸೂಜಿಯಷ್ಟು ಸಣ್ಣ ಸ್ಕ್ರೂ ಕೂಡ ಅವನ ಮಾತು ಕೇಳುತ್ತಿತ್ತು. ಕೊನೆಗೆ ಚರ್ಚಿನ ಊಟದಲ್ಲಿ, ಹ್ಯಾಮಿನ ಪಾಟ್‌ಪೈ ಸಾರು ಬಡಿಸಿಕೊಳ್ಳಲು ಸಾಲು ನಿಂತಾಗ, ಫರ್ನ್ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟರು: "ಏನೋ ಮೆರ್ಲ್, ಊರಿಗೆಲ್ಲ ಟ್ರಿಗರ್ ಆರಿಸಿ ಕೊಡ್ತೀಯ, ಕಟ್ಟಿಕೊಂಡವಳ ಕೈಲಿ ಮಾತ್ರ ದನದ ಕೊಟ್ಟಿಗೆ ಬಾಗಿಲು ಎಳೆಸ್ತೀಯಲ್ಲೋ!" ಸಾಲಿನ ಉದ್ದಕ್ಕೂ ನಗು. ಅವನೂ ನಕ್ಕ. ಕೈಯಲ್ಲಿದ್ದ ತಟ್ಟೆ ಓರೆಯಾಗಿ ಸಾರು ಹೆಬ್ಬೆರಳಿನ ಮೇಲೆ ಹರಿಯಿತು. ಅದು ಸುಡುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ವಿಲ್ಮರ್ ಟ್ರೌಟ್‌ಮನ್‌ನ ಅಂಗಡಿ ಅವನ ಮನೆಯ ಹಿಂದಿನ ಶೆಡ್ಡು. ಒಳಗೆ ಕಟ್ಟಿಗೆಯ ಒಲೆ, ಎಣ್ಣೆಯ ವಾಸನೆ, ಬೀಟ್‌ರೂಟ್ ನೀರಲ್ಲಿ ಕೆಂಪಾದ ಮೊಟ್ಟೆಗಳ ದೊಡ್ಡ ಜಾಡಿ. ವಿಲ್ಮರ್ ಕೋವಿ ರಿಪೇರಿ ಮಾಡುವವನು, ಮೆರ್ಲ್‌ನ ಶಾಲೆಯ ಗೆಳೆಯ, ಗಡ್ಡ ಎದೆಯವರೆಗೆ. "ಬನ್ನಿ ಬನ್ನಿ, ಚಾಂಪಿಯನ್ರು ಬಂದ್ರು" ಅಂದ. ಹೇಳುವಾಗ ನೋಡಿದ್ದು ಲೋರ್ನಾಳ ಕಡೆಗೆ. ಕಟ್ಟೆಯ ಮೇಲೆ ಹಲಗೆಯೊಂದಕ್ಕೆ ಮೂರು ಟ್ರಿಗರ್ ಕೂರಿಸಿಟ್ಟಿದ್ದ, ಮೂರಕ್ಕೂ ಮೇಲೊಂದು ಬೋಲ್ಟು, ಅಂದರೆ ಕೋವಿಯ ಹಿಂಬದಿಯ ಅಗುಳಿ, ಎಳೆದು ನೋಡಲಿಕ್ಕೆ. ಮೆರ್ಲ್ ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದ. ಮೊದಲನೆಯದು ಒಂದೇ ಹಂತದ್ದು, ಬೆರಳಿಟ್ಟೊಡನೆ ಗೋಡೆ, ಗೋಡೆ ದಾಟಿದರೆ ಮುಗಿಯಿತು, ಒಣಗಿದ ಪ್ರೆಟ್ಜೆಲ್ ಬಿಸ್ಕತ್ತು ಮುರಿದ ಹಾಗೆ. ಎರಡನೆಯದು ಬರೀ ಸ್ಪ್ರಿಂಗು, ಹಳೆ ಟ್ರಿಗರಿಗೇ ಹಾಕುವುದು, ಅಗ್ಗ, ಕರಕರ ಪೂರ್ತಿ ಹೋಗುವುದಿಲ್ಲ. ಮೂರನೆಯದು ಎರಡು ಹಂತದ್ದು; ಮೊದಲು ಸುಮ್ಮನೆ ಹಿಂದೆ ಬರುತ್ತದೆ, ಒಂದು ಕಡೆ ನಿಲ್ಲುತ್ತದೆ, ಆಮೇಲೆ ಇನ್ನೊಂದು ಚೂರು ಒತ್ತಿದರೆ ಬೀಳುತ್ತದೆ, ಗುಂಡು ಹಾರುತ್ತದೆ. ಬಿದ್ದ ಮೇಲೆ ಬೆರಳು ಎಷ್ಟು ಹಿಂದೆ ಹೋಗಬೇಕು, ಗುಂಡು ನಳಿಗೆ ಬಿಡುವಷ್ಟರಲ್ಲಿ ಬೆರಳು ಅಲುಗಿದರೆ ಏನಾಗುತ್ತದೆ, ಚಳಿಯಲ್ಲಿ ಎಣ್ಣೆ ಗಟ್ಟಿಯಾದರೆ ತೂಕ ಎಷ್ಟು ಏರುತ್ತದೆ, ಎಲ್ಲವನ್ನೂ ಹೇಳಿದ. ಹೇಳುತ್ತಾ ಹೋದ ಹಾಗೆ ತಾನು ಹೆಚ್ಚು ಮಾತಾಡುತ್ತಿದ್ದೇನೆ ಎಂದು ಅವನಿಗೇ ಅನ್ನಿಸಿತು. ಆದರೂ ನಿಲ್ಲಿಸಲಾಗಲಿಲ್ಲ. ಮಾತು ನಿಂತರೆ ಅವಳ ಬೆರಳು ಶುರುವಾಗುತ್ತದೆ, ಅವನಿಗೆ ಅದೇ ಭಯ. ಆ ಮೂರನೆಯದನ್ನು ತನಗಾಗಿ ಆರಿಸಿಕೊಳ್ಳಲು ಅವನು ಒಂದು ವರ್ಷ ತೆಗೆದುಕೊಂಡಿದ್ದ. ನೋಟ್‌ಬುಕ್ಕು ಇಟ್ಟು, ವಾರಕ್ಕೊಂದು ಸಲ ಈ ಶೆಡ್ಡಿಗೆ ಬಂದು, ಪ್ರತಿಯೊಂದನ್ನೂ ನೂರು ನೂರು ಸಲ ಎಳೆದು.

ಲೋರ್ನಾ ಕೈಗವಸು ತೆಗೆದು ಅಂಗೈಗಳನ್ನು ಒಲೆಯ ಮುಂದೆ ಹಿಡಿದಳು. ಆಮೇಲೆ ಕಣ್ಣು ಮುಚ್ಚಿ ಮೊದಲನೆಯದನ್ನು ಒಂದು ಸಲ ಎಳೆದಳು. "ಚೆನ್ನಾಗಿದೆ. ಆದರೆ ಇದು ನನ್ನನ್ನ ಕಾಯಲ್ಲ, ತಾನೇ ಮುಂದೆ ಓಡುತ್ತೆ." ಎರಡನೆಯದು. "ಊಹೂಂ. ಒಳಗೆ ಇನ್ನೂ ಮರಳಿದೆ." ಮೂರನೆಯದನ್ನು ಎಳೆದಳು. ಮತ್ತೊಂದು ಸಲ ಎಳೆದಳು. ಮುಚ್ಚಿದ ಕಣ್ಣಿನ ಕೆಳಗೆ ತುಟಿಯ ತುದಿ ಸ್ವಲ್ಪ ಮೇಲೆದ್ದಿತು. ಆ ಮುಖ ಮೆರ್ಲ್‌ಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ನೋಡಿದ್ದು, ಆಮೇಲೆ ಅಷ್ಟಾಗಿ ಕಂಡಿರಲಿಲ್ಲ. ಇಲ್ಲಿ, ವಿಲ್ಮರನ ಎದುರು, ಒಂದು ಕಬ್ಬಿಣದ ತುಂಡಿಗೆ ಅದು ಸಿಗುತ್ತಿದೆ. "ಇದು ಕೇಳುತ್ತೆ ಕಣೋ" ಅಂದಳು. "ಬೀಳ್ಲಾ ಅಂತ ಒಂದು ಸಲ ಕೇಳಿ, ಹೂಂ ಅಂದ್ಮೇಲೆ ಬೀಳುತ್ತೆ." ಮೂರು ನಿಮಿಷವೂ ಆಗಿರಲಿಲ್ಲ. ವಿಲ್ಮರ್ ಕಟ್ಟೆಯ ಮೇಲೆ ಅಂಗೈ ಬಡಿದು, "ನೋಡಪ್ಪ!" ಅಂದ.

"ನಿನಗೆ ಮೊದಲನೇದೇ ಸರಿ" ಎಂದು ಮೆರ್ಲ್ ಹೇಳಿದ. ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಅದು ಯಾರೋ ಬೇರೆಯವರದು ಅನ್ನಿಸಿತು. "ಎರಡು ಹಂತದ್ದು ಹೊಸಬರಿಗೆ ಕಷ್ಟ. ಮಧ್ಯದಲ್ಲಿ ಗೊಂದಲ ಆಗುತ್ತೆ."

ವಿಲ್ಮರ್ ಗಡ್ಡ ಕೆರೆದುಕೊಂಡ. "ಗೊಂದಲ ಏನು ಬಂತಯ್ಯಾ? ನಿನ್ನ ಕೋವೀಲಿರೋದೂ ಮೂರನೇದೇ ಅಲ್ವಾ?"

"ಹೌದಾ?" ಲೋರ್ನಾ ಕಣ್ಣು ಬಿಟ್ಟು ನಕ್ಕಳು. "ನಿಂದೂ ಇದೇನಾ? ಒಂದು ದಿನ ಹೇಳಲೇ ಇಲ್ವಲ್ಲ ಮಾರಾಯ! ನೋಡು ವಿಲ್ಮರ್, ಒಳ್ಳೇದನ್ನ ತಾನು ಇಟ್ಕೊಂಡು ನನಗೆ ಮೊದಲನೇದು ಕೊಡಿಸ್ತಿದ್ದಾನೆ."

ತಮಾಷೆಗೆ ಅಂದದ್ದು. ಅವಳ ಮಾತಿನಲ್ಲಿ ತಮಾಷೆ ಬಿಟ್ಟು ಇನ್ನೇನೂ ಇರಲಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಇಂಗು ತಿಂದ ಮಂಗನ ಹಾಗೆ ನಿಂತ. "ಅಲ್ಲ, ನಿನ್ನ ಒಳ್ಳೇದಕ್ಕೇ..." ಎಂದು ಶುರುಮಾಡಿ ನಿಲ್ಲಿಸಿದ. ಅವನನ್ನು ಕಾಪಾಡಬೇಕೆಂದೋ ಏನೋ ವಿಲ್ಮರ್ ಇನ್ನೊಂದು ಮಾತು ಸೇರಿಸಿದ, ಇದ್ದುದನ್ನೂ ಕೆಡಿಸಿದ: "ಬೇಜಾರು ಮಾಡ್ಕೋಬೇಡ ಮೆರ್ಲ್. ಅವಳ ಬೆರಳಿಗೆ ಅದು ಹುಟ್ಟಿನಿಂದಲೇ ಬಂದಿದೆ, ಯಾರೂ ಕಲಿಸಿದ್ದಲ್ಲ. ನೀನು ಕಲಿತೆ. ಕಷ್ಟಪಟ್ಟು ಕಲಿತೆ. ಅದೂ ದೊಡ್ಡದೇ." ಅದೂ! ಆ ಒಂದು 'ಊ' ಮೆರ್ಲ್‌ನ ಎದೆಗೆ ನೇರ ಹೋಯಿತು. ಲೋರ್ನಾ ಕೆಂಪು ಮೊಟ್ಟೆಯೊಂದನ್ನು ಕಚ್ಚುತ್ತಾ ಒಲೆಯ ಪಕ್ಕ ನಿಂತಿದ್ದಳು. ಟ್ರಿಗರನ್ನು ಇಲ್ಲೇ ಕೂರಿಸಿ ಕೊಡಲೇ ಎಂದು ವಿಲ್ಮರ್ ಕೇಳಿದ್ದಕ್ಕೆ, "ಬೇಡಪ್ಪ, ಮೆರ್ಲ್ ಕೂರಿಸ್ತಾನೆ. ಇವನಷ್ಟು ಕರಾರುವಾಕ್ಕಾಗಿ ಈ ಕಣಿವೇಲಿ ಯಾರು ತೂಕ ಕೂರಿಸ್ತಾರೆ?" ಅಂದಳು. ಹೆಮ್ಮೆಯಿಂದಲೇ ಅಂದಳು. ಆ ಹೆಮ್ಮೆಯೂ ಅವನಿಗೆ ಭಿಕ್ಷೆಯ ಹಾಗೆ ಕಂಡಿತು.

ಶುಕ್ರವಾರ ಮಧ್ಯಾಹ್ನ ಲೋರ್ನಾ ಪಂದ್ಯದ ದಿನದ ಕೋಳಿ–ಜೋಳದ ಸೂಪಿಗೆ ಕೋಳಿ ಬಿಡಿಸಲು ಸಂಘದ ಅಡುಗೆಮನೆಗೆ ಹೋದಳು. ಮೆರ್ಲ್ ನೆಲಮಾಳಿಗೆಯಲ್ಲಿ ದೀಪ ಹಾಕಿ, ಅವಳ ರೈಫಲನ್ನು ಬಟ್ಟೆಯ ಮೇಲೆ ಮಲಗಿಸಿ, ಎರಡು ಪಿನ್ನು ತಳ್ಳಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿದ. ಕೆಲಸ ಮಾಡುವಾಗ ಅವನು ಒಳ್ಳೆಯ ಮನುಷ್ಯನಾಗಿರುತ್ತಿದ್ದ. ಆ ಅರ್ಧ ಗಂಟೆ ಅವನ ತಲೆಯಲ್ಲಿ ಅವಳೂ ಇರಲಿಲ್ಲ, ತಾನೂ ಇರಲಿಲ್ಲ. ಸಂಘದ ನಿಯಮದ ಪ್ರಕಾರ ಟ್ರಿಗರ್ ಎರಡು ಪೌಂಡಿಗಿಂತ ಕಡಿಮೆ ಇರಕೂಡದು. ಅದನ್ನು ಅಳೆಯುವ ತೂಕದ ಕಂಬಿ, ತುದಿಗೆ ಕೊಕ್ಕೆ, ಬುಡಕ್ಕೆ ಸೀಸದ ಬಿಲ್ಲೆ, ಅವನ ಮನೆಯಲ್ಲೇ ಇರುತ್ತಿತ್ತು, ಏಕೆಂದರೆ ಇಪ್ಪತ್ತು ವರ್ಷದಿಂದ ಪ್ರತಿ ಪಂದ್ಯದ ಮೊದಲು ಎಲ್ಲರ ಟ್ರಿಗರನ್ನು ತೂಗುವವನು ಅವನೇ. ಅವನು ಸ್ಕ್ರೂ ತಿರುಗಿಸಿ ತಿರುಗಿಸಿ ಎರಡು ಪೌಂಡು ಮೂರು ಔನ್ಸಿಗೆ ತಂದು ನಿಲ್ಲಿಸಿದ. ಖಾಲಿ ತೋಟಾ ಹಾಕಿ ಎಳೆದು ನೋಡಿದ. ಬಂತು, ನಿಂತಿತು, ಕೇಳಿತು, ಬಿತ್ತು. ತನ್ನದಕ್ಕಿಂತ ಚೆನ್ನಾಗಿತ್ತು. ಅದೇ ಮಾದರಿ, ಅದೇ ಕಾರ್ಖಾನೆ, ಕೂರಿಸಿದವನೂ ತಾನೇ. ಹೇಗೆ ಚೆನ್ನಾಗಿರಲು ಸಾಧ್ಯ? ಮತ್ತೆ ಎಳೆದ. ಹೌದು, ಚೆನ್ನಾಗಿತ್ತು. ಕಬ್ಬಿಣವೂ ಅವಳ ಪಕ್ಷ ಸೇರಿದೆ ಎಂದುಕೊಂಡ.

ಆಮೇಲೆ ಸುಮ್ಮನೆ ಕೂತ. ಇಪ್ಪತ್ತೆರಡು ವರ್ಷ ಅವಳು ಅವನ ಹಿಂದೆ ಸ್ಟೂಲಿನ ಮೇಲೆ ಕೂತು, ದುರ್ಬೀನಿನಲ್ಲಿ ಗುರಿಹಲಗೆ ನೋಡಿ ಕಿವಿಯ ಹತ್ತಿರ ಹೇಳುತ್ತಿದ್ದಳು: ಹತ್ತು. ಹತ್ತು. ಒಂಬತ್ತು, ಬಲಕ್ಕೆ. ಅವಳ ದನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಬೇಜಾರಾಗುತ್ತಿತ್ತೇನೋ ಅಂದುಕೊಂಡಿದ್ದ. ಈಗ ನೆನಪಾಗುತ್ತದೆ, ಕೆಲವು ಸಲ ಅವಳು ಗುಂಡು ಹೋಗುವ ಮೊದಲೇ ಮಾತಾಡುತ್ತಿದ್ದಳು. "ತಾಳು, ಗಾಳಿ ಇದೆ." "ಉಸಿರು ಬಿಡು, ಈಗ." ಅವನು ತಾಳುತ್ತಿದ್ದ, ಉಸಿರು ಬಿಡುತ್ತಿದ್ದ, ಹೊಡೆಯುತ್ತಿದ್ದ, ಹತ್ತು. ಮೇಲಿನ ಕೋಣೆಯ ಅಲಮಾರಿನಲ್ಲಿ ಬಹುಮಾನದ ಇಪ್ಪತ್ತಮೂರು ಕಪ್ಪುಗಳಿವೆ. ಅದರಲ್ಲಿ ಎಷ್ಟು ಅವಳವು? ಹದಿಮೂರೋ? ಹದಿನೇಳೋ? ಎಲ್ಲವೂ ಇರಬಹುದೇ? ಹಾಗಾದರೆ ತಾನು ಏನು, ಅವಳು ಹಿಡಿಸಿ ಹೊಡೆಸಿದ ಕೋವಿಯ ಹಿಡಿಕೆಯೇ? ವರ್ತಮಾನದ ಹೊಟ್ಟೆಕಿಚ್ಚನ್ನು ಹೇಗೋ ಸಹಿಸಬಹುದು. ಇದು ಹಿಂದಕ್ಕೆ ಹೋಗಿ ಒಂದೊಂದು ಕಪ್ಪನ್ನೂ ಮುಟ್ಟಿ ಮುಟ್ಟಿ ಮಸಿ ಮಾಡುತ್ತಿತ್ತು. ಅವಳು ಒಂದು ದಿನವೂ ಹೇಳಿಕೊಳ್ಳಲಿಲ್ಲವಲ್ಲ! ಹೇಳಿಕೊಂಡಿದ್ದರೆ ಜಗಳವಾಡಬಹುದಿತ್ತು. ಹೇಳಿಕೊಳ್ಳದವಳ ಜೊತೆ ಏನೆಂದು ಜಗಳವಾಡುವುದು?

ಸ್ಕ್ರೂ ಡ್ರೈವರ್ ಕೈಯಲ್ಲೇ ಇತ್ತು. ಇನ್ನೂ ಹಗುರವಾದರೆ ಹೇಗಿರುತ್ತದೋ ನೋಡೋಣ ಎಂದು ಕಾಲು ಸುತ್ತು ತಿರುಗಿಸಿದ. ಕೊಕ್ಕೆ ಹಾಕಿ ತೂಕ ಎತ್ತಿದ. ತಡೆಯಿತು. ಇನ್ನೊಂದು ಅರೆಕಾಲು. ಎತ್ತಿದ. ಟಕ್. ಸಣ್ಣ ಸದ್ದು, ಆದರೆ ನೆಲಮಾಳಿಗೆಯೆಲ್ಲ ಕೇಳಿತು. ಎರಡು ಪೌಂಡಿನ ತೂಕ ತಡೆಯದೆ ಟ್ರಿಗರ್ ಬಿದ್ದ ಸದ್ದು; ಸಂಘದಲ್ಲಿ ಇದು ಬಂದರೆ ಆ ದಿನಕ್ಕೆ ಆ ಕೋವಿ ಮುಗಿಯಿತು. ಮೂಲೆಗೆ ಒರಗಿಸಿಟ್ಟು ಮನೆಗೆ ಹೋಗಬೇಕು, ಅಲ್ಲಿ ರಿಪೇರಿ ಮಾಡುವ ಹಾಗಿಲ್ಲ, ಬೇರೆಯವರದನ್ನು ಕೇಳುವ ಹಾಗಿಲ್ಲ. ಅವನಿಗೆ ಗೊತ್ತಿತ್ತು. ವಾಪಸ್ಸು ತಿರುಗಿಸಿದರೆ ಆಯಿತು, ಒಂದು ಕ್ಷಣದ ಕೆಲಸ. ತಿರುಗಿಸುತ್ತೇನೆ, ಅಂದುಕೊಂಡ. ಇನ್ನೊಂದು ಸಲ ತೂಗಿ ನೋಡಿ ತಿರುಗಿಸುತ್ತೇನೆ. ಟಕ್. ಆಗ ಅವನಿಗೆ ಒಂದು ಕಾರಣ ಹೊಳೆಯಿತು: ಹೊಸ ಸ್ಪ್ರಿಂಗು ತಾನಾಗಿ ಸ್ವಲ್ಪ ಬಿಗಿಯಾಗುತ್ತದೆ, ನಾಳೆಗೆ ಸರಿಹೋಗಬಹುದು. ಸುಳ್ಳು, ಹೊಸ ಸ್ಪ್ರಿಂಗು ಸಡಿಲವಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ, ಅದನ್ನು ಊರಿಗೆಲ್ಲ ಹೇಳಿಕೊಟ್ಟವನು ಅವನೇ. ತಿರುಗಿಸಿದ ಸ್ಕ್ರೂ ಅಲುಗದ ಹಾಗೆ ಅದರ ತಲೆಗೆ ಉಗುರುಬಣ್ಣದ ಒಂದು ಹನಿ ಹಾಕುವುದು ಅವನ ಪದ್ಧತಿ, ಯಾರ ಕೋವಿಗೂ ತಪ್ಪಿಸಿದವನಲ್ಲ. ಈ ದಿನ ಶೀಶೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿಟ್ಟ. ಸ್ಕ್ರೂ ತಾನಾಗಿ ಜಾರಿತು ಅನ್ನಬಹುದಲ್ಲ. ಮೇಲೆ ಅವಳ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅವನು ಬೇಗಬೇಗ ರೈಫಲನ್ನು ಚೀಲಕ್ಕೆ ತುಂಬಿದ.

"ಆಯ್ತಾ?" ಅವಳು ಮೆಟ್ಟಿಲ ಮೇಲಿಂದಲೇ ಕೇಳಿದಳು. ಕೈಯೆಲ್ಲ ಕೋಳಿಸಾರಿನ ವಾಸನೆ.

"ಆಯ್ತು."

"ಎಷ್ಟಕ್ಕೆ ಇಟ್ಟೆ?"

"ಎರಡು. ಮೇಲೆ ಸ್ವಲ್ಪ."

ಇಳಿದು ಬಂದು, ಕೂತವನ ಬೋಳುತಲೆಗೆ ಮುತ್ತಿಟ್ಟಳು. "ನನ್ನ ಕೈಲಿ ಯಾರು ಸೋತರೂ ಪರವಾಗಿಲ್ಲ, ನೀನೇ ಸೋತರೆ ಮಾತ್ರ ರಾತ್ರಿ ಅಡುಗೆ ನೀನೇ ಮಾಡಬೇಕು" ಅಂದು ನಗುತ್ತಾ ಮೇಲೆ ಹೋದಳು. ಹೇಳಿಬಿಡಬೇಕು ಎಂದು ಅವನು ಎದ್ದು ಮೊದಲನೆಯ ಮೆಟ್ಟಿಲವರೆಗೆ ಬಂದ. ಹೇಳುವುದಾದರೂ ಏನು? ಅಲ್ಲಿ ನಿಂತು ನಾಲ್ಕು ಬಗೆಯ ವಾಕ್ಯ ಕಟ್ಟಿದ, ನಾಲ್ಕರಲ್ಲೂ ತಾನು ಹುಳುವಿನ ಹಾಗೆ ಕಂಡ. ಆ ರಾತ್ರಿ ಅವನಿಗೆ ನಿದ್ದೆ ಬಂತು, ಚೆನ್ನಾಗಿಯೇ ಬಂತು. ಬೆಳಿಗ್ಗೆ ಎದ್ದಾಗ ಅವನಿಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು ಅದೇ.

ಗಡ್ಡ ಹೆರೆದುಕೊಳ್ಳುವಾಗ ಕೆಳಗೆ ಬೋಲ್ಟಿನ ಸದ್ದು ಕೇಳಿಸಿತು. ಪಂದ್ಯದ ಬೆಳಿಗ್ಗೆ ಅವಳು ಖಾಲಿ ತೋಟಾ ಹಾಕಿ ಗೋಡೆಯ ಮೊಳೆಗೆ ಗುರಿಯಿಟ್ಟು ಹತ್ತು ಸಲ ಎಳೆಯುವುದು ವಾಡಿಕೆ. ಒಂದು ಸಲ ಕೇಳಿಸಿತು, ಎರಡು ಸಲ, ಆಮೇಲೆ ಇಲ್ಲ. ಅವನು ಕತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿಸಿಕೊಂಡ. ನಲ್ಲಿಯ ನೀರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಡುಗೆಮನೆಗೆ ಬಂದಾಗ ಅವಳು ಮಾಂಸ, ಜೋಳದ ಹಿಟ್ಟು ಸೇರಿಸಿದ ಸ್ಕ್ರ್ಯಾಪಲ್ ತುಂಡು ಹುರಿಯುತ್ತಿದ್ದಳು, ಗುನುಗುತ್ತಿರಲಿಲ್ಲ. ತಟ್ಟೆ ಮುಂದಿಟ್ಟು, ಸೇಬಿನ ಜಾಮಿನ ಶೀಶೆ ಅವನ ಕಡೆ ತಳ್ಳಿ, ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. "ಮೆರ್ಲ್, ನಿನ್ನ ಕಣ್ಣು ಈಗ ಹೇಗಿದೆ? ಹತ್ತಿರದ್ದು ಸರಿಯಾಗಿ ಕಾಣುತ್ತಾ?"

"ಯಾಕೆ?"

"ಸುಮ್ನೆ ಕೇಳ್ದೆ. ಡಾಕ್ಟರಿಗೆ ಇನ್ನೊಂದು ಸಲ ತೋರಿಸೋಣ ಅಂತ."

"ನನ್ನ ಕಣ್ಣು ಚೆನ್ನಾಗಿದೆ. ನನ್ನ ಕಣ್ಣಿನ ಚಿಂತೆ ಯಾರಿಗೂ ಬೇಡ" ಎಂದು ಸಿಡುಕಿದ. ಪಂದ್ಯದ ದಿನ ಬೆಳಿಗ್ಗೆ ಕಣ್ಣಿನ ಮಾತೆತ್ತಿ ತನ್ನ ಕೈ ನಡುಗಿಸಲು ನೋಡುತ್ತಿದ್ದಾಳೆ ಎಂದೇ ಅವನಿಗೆ ಅನ್ನಿಸಿತು. ಒಳ್ಳೆಯದೇ ಆಯಿತು, ಅವಳ ಮೇಲೆ ಸಿಟ್ಟು ಬರಲು ಒಂದು ಕಾರಣ ಬೇಕಿತ್ತು. ಆ ಸಿಟ್ಟನ್ನು ಮುರಿಯದ ಹಾಗೆ ಹಿಡಿದುಕೊಂಡು ಸಂಘದವರೆಗೆ ಗಾಡಿ ಓಡಿಸಿದ.

ಸಂಘದ ಮನೆಯಲ್ಲಿ ಮೂವತ್ತು ಜನರಿದ್ದರು. ಬಾಗಿಲ ಪಕ್ಕದ ಮೇಜಿಗೆ ಫರ್ನ್ ಹೆಸರಿನ ಹಾಳೆ ಹರಡಿಕೊಂಡು ಕೂತಿದ್ದರು, ಪಕ್ಕದಲ್ಲಿ ಮೆರ್ಲ್ ತೂಕದ ಕಂಬಿಯೊಡನೆ ನಿಂತ. ಒಬ್ಬೊಬ್ಬರಾಗಿ ಬಂದು ಕೋವಿ ಕೊಡುತ್ತಿದ್ದರು. ತೋಟಾ ಇಲ್ಲವೆಂದು ನೋಡಿ, ಬೋಲ್ಟು ಹಾಕಿ, ನಳಿಗೆ ಮೇಲೆ ಮಾಡಿ, ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ, ಹಲಗೆಯಿಂದ ತೂಕ ಮೇಲೇಳುವವರೆಗೆ ಕೋವಿಯನ್ನು ಮೆಲ್ಲಗೆ ಎತ್ತುವುದು. ತಡೆದರೆ "ಸರಿ" ಎಂದು ಕೂಗುವುದು. ಫರ್ನ್ ಗೆರೆ ಹಾಕುವುದು. ಎತ್ತುವುದು ಒಂದೇ ಸಲ. ತಡೆದರೂ ಒಂದೇ ಸಲ, ಬಿದ್ದರೂ ಒಂದೇ ಸಲ. ಈ ಕಟ್ಟಳೆ ಮಾಡಿದವನೂ ಮೆರ್ಲೇ. ಒಮ್ಮೆ ಅವರ ಪಾದ್ರಿಯ ಕೋವಿಯ ಟ್ರಿಗರೇ ಬಿದ್ದಾಗ, ಇನ್ನೊಂದು ಸಲ ನೋಡಪ್ಪ ಎಂದು ಅವರು ಬೇಡಿಕೊಂಡರೂ ಒಪ್ಪದೆ ಮೂಲೆಗೆ ಇಡಿಸಿದ್ದ. ಅವನ ಕೈ ಪಕ್ಷಪಾತ ಅರಿಯದ್ದು ಎಂದು ಜನ ಹೇಳುತ್ತಿದ್ದರು. ಅವನ ರೈಫಲನ್ನು ವಿಲ್ಮರ್ ತೂಗಿದ, ತಡೆಯಿತು.

ಮುಂದೆ ಲೋರ್ನಾ. ಅವಳು ಎರಡೂ ಕೈಯಲ್ಲಿ ರೈಫಲ್ ಹಿಡಿದು ಕೊಟ್ಟಳು. ಇನ್ನೂ ಸಮಯವಿತ್ತು. ವಿಲ್ಮರನನ್ನು ಕರೆದು, ಇವಳದನ್ನು ನೀನೇ ತೂಗು, ಗಂಡ ತೂಗಬಾರದು ಅನ್ನಬಹುದಿತ್ತು. ಆದರೆ ವಿಲ್ಮರ್ ತೂಗಿದರೂ ಬೀಳುತ್ತದೆ. ತಡಿ, ನಿನ್ನೆ ನಾನು ಸ್ಕ್ರೂ ಸರಿಯಾಗಿ ಹಾಕಲಿಲ್ಲ ಅನ್ನಬಹುದಿತ್ತು. ತನ್ನ ಹೆಸರು ಹೋಗುತ್ತಿತ್ತು, ಅವಳ ಜಾಗ ಉಳಿಯುತ್ತಿತ್ತು. ಅವನು ಬೋಲ್ಟು ಹಾಕಿದ. ಅವಳು ನಗುತ್ತಿದ್ದಳು, ಹಿಂದಿನವರ ಜೊತೆ ಸೂಪಿಗೆ ಉಪ್ಪು ಸಾಲದ್ದರ ಬಗ್ಗೆ ಏನೋ ಹೇಳುತ್ತಿದ್ದಳು. ಇನ್ನೊಂದು ಕ್ಷಣದಲ್ಲಿ ಆ ನಗು ನಿಲ್ಲುತ್ತದೆ ಎಂದು ಅವನಿಗೆ ಎದೆ ಹಿಂಡಿತು, ಅದೇ ಹೊತ್ತಿಗೆ ಅದು ನಿಲ್ಲಲಿ ಎಂದು ಬಾಯಲ್ಲಿ ನೀರೂ ಊರಿತು. ಕೊಕ್ಕೆ ಸಿಕ್ಕಿಸಿ ಎತ್ತಿದ.

ತೂಕ ಹಲಗೆ ಬಿಟ್ಟು ಮೇಲೆದ್ದಿತು. ತೂಗಾಡಿತು. ಏನೂ ಬೀಳಲಿಲ್ಲ.

ಅವನು ಕಾದ. ಬೀಳಬೇಕಿತ್ತು. ಕಾಲು ಸುತ್ತು, ಮೇಲೆ ಅರೆಕಾಲು. ಅವನ ಬೆರಳಿಗೆ ಲೆಕ್ಕ ತಪ್ಪುವುದಿಲ್ಲ. ಕೊಕ್ಕೆ ಸರಿಯಾಗಿ ಕೂತಿಲ್ಲವೇನೋ ಎಂದು ಕೆಳಗಿಳಿಸಿ, ಕೊಕ್ಕೆಯನ್ನು ಟ್ರಿಗರಿನ ತುದಿಗೆ ಸರಿಸಿ, ಮತ್ತೆ ಎತ್ತಿದ. ತಡೆಯಿತು. ಫರ್ನ್ ಪೆನ್ನು ಎತ್ತಿಕೊಂಡು ಅವನನ್ನೇ ನೋಡುತ್ತಿದ್ದರು. ಹಿಂದಿನವರ ಮಾತು ನಿಂತಿತ್ತು. ನಿಲ್ಲಿಸಬೇಕು ಎಂದು ಅವನಿಗೆ ಗೊತ್ತಿತ್ತು, ಎಲ್ಲರೂ ನೋಡುತ್ತಿದ್ದಾರೆ ಎಂದೂ ಗೊತ್ತಿತ್ತು. ಕೈ ಮಾತ್ರ ಮತ್ತೆ ಇಳಿಯಿತು, ಮತ್ತೆ ಎತ್ತಿತು, ಈ ಸಲ ಮೆಲ್ಲಗಲ್ಲ, ಸೊಂಟದಿಂದ ಒಂದು ಜಗ್ಗು ಜಗ್ಗಿ. ಸೀಸದ ಬಿಲ್ಲೆ ಮೇಜಿನ ಕಾಲಿಗೆ ಬಡಿದು ಠಣ್ ಅಂದಿತು. ಟ್ರಿಗರ್ ಬೀಳಲಿಲ್ಲ.

"ಮೆರ್ಲ್!" ವಿಲ್ಮರ್ ಹಿಂದಿನಿಂದ ಕೂಗಿದ. "ಏನಯ್ಯಾ ಅದು? ಮೂರು ಸಲ?"

ಲೋರ್ನಾ ಅವನ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, ತೋಳು ಮುಟ್ಟಿ ಹೇಳಿದಳು. ಹೇಳಲು ಶುರುಮಾಡಿದಾಗ ಅವಳ ದನಿಯಲ್ಲಿ ಅವನಿಗೆ ಸಮಾಧಾನ ಮಾಡುವ ಸಲುಗೆಯೇ ಇತ್ತು. "ಅದು ಬೀಳಲ್ಲ ಕಣೋ, ಬಿಡು. ಬೆಳಿಗ್ಗೆ ಎಳೆದಾಗಲೇ ಗೊತ್ತಾಯ್ತು, ತೀರಾ ಹಗುರ ಇತ್ತು. ನೀನು ಹನಿ ಹಾಕೋದು ಮರೆತಿದ್ದೆ, ಸ್ಕ್ರೂ ಜಾರಿರಬೇಕು, ಕಣ್ಣು ಮಂಜಾಗಿ ನಿನಗೆ ಕಂಡಿಲ್ಲ ಅಂದ್ಕೊಂಡೆ. ಕಂಬಿ ಅಲ್ಲೇ ಇತ್ತಲ್ಲ, ನಾನೇ ತಿರುಗಿಸಿ ತೂಗಿಟ್ಟೆ. ಹೇಳಿದರೆ ನಿನಗೆ ಬೇಜಾರಾಗುತ್ತೆ, ಜನರ ಮುಂದೆ ನಿನ್ನ ಹೆಸರು..."

ಅಲ್ಲಿಗೆ ನಿಂತಳು. ಅವನ ಮುಖ ನೋಡುತ್ತಿದ್ದಳು. ಆಮೇಲೆ ಅವನ ಕೈ ನೋಡಿದಳು. ಆ ಕೈ ಇನ್ನೂ ಕೋವಿಯನ್ನು ಮೇಲಕ್ಕೇ ಹಿಡಿದಿತ್ತು, ನಾಲ್ಕನೆಯ ಸಲಕ್ಕೆ ಎನ್ನುವ ಹಾಗೆ. ಅವಳ ಬೆರಳುಗಳು ಅವನ ತೋಳಿನಿಂದ ಒಂದೊಂದಾಗಿ ಬಿಟ್ಟವು.

"ಮರೆತಿದ್ದೀಯ ಅಂದ್ಕೊಂಡಿದ್ದೆ" ಎಂದಳು.

ಅಡುಗೆಮನೆಯಲ್ಲಿ ಯಾರೋ ಸೂಪಿನ ಪಾತ್ರೆಗೆ ಸೌಟು ಬಡಿದರು. ಫರ್ನ್ ಕೆಮ್ಮಿ, "ಏನು ಬರೀಲೋ ಮೆರ್ಲ್?" ಎಂದು ಕೇಳಿದರು. ಅವರ ಗಂಟಲಲ್ಲಿ ಯಾವತ್ತಿನ ಕುಚೋದ್ಯ ಇರಲಿಲ್ಲ. ಅವನು ಕೋವಿ ಕೆಳಗಿಳಿಸಿ, ಮೆಲ್ಲಗೆ "ಸರಿ ಇದೆ" ಅಂದ. ಹಿಂದಿನ ಸಾಲಿಗೆ ಕೇಳಿಸಲಿಲ್ಲವೆಂದು ಫರ್ನ್ ಮತ್ತೆ ಕೇಳಿದರು. "ಸರಿ ಇದೆ" ಎಂದು ಜೋರಾಗಿ ಹೇಳಬೇಕಾಯಿತು.

ಲೋರ್ನಾ ರೈಫಲನ್ನು ಅವನ ಕೈಯಿಂದ ತೆಗೆದುಕೊಂಡಳು. ಬೋಲ್ಟು ತೆರೆದು ಒಳಗೆ ನೋಡಿದಳು, ನಿಯಮದಂತೆ.

"ಆ ಜಾಗ ಅಷ್ಟು ಬೇಕಿದ್ದರೆ ಕೇಳಬಹುದಿತ್ತಲ್ಲೋ" ಅಂದಳು. ಸಿಟ್ಟಿರಲಿಲ್ಲ, ಅತ್ತೂ ಇರಲಿಲ್ಲ. "ಇವತ್ತು ಬೆಳಿಗ್ಗೆವರೆಗೂ ಕೇಳಿದ್ದರೆ ಕೊಟ್ಟುಬಿಡ್ತಿದ್ದೆ. ನನಗೆ ಅಲ್ಲಿ ಹೋಗಿ ಆಗಬೇಕಾದ್ದೇನೂ ಇರಲಿಲ್ಲ."

ಅವನು ಏನೋ ಹೇಳಲು ಹೋದ.

"ಈಗ ಕೊಡಲ್ಲ" ಎಂದು, ಅವಳು ಬೆಂಚಿನ ಕಡೆಗೆ ನಡೆದಳು. ಫರ್ನ್ ಗೆರೆ ಹಾಕಿ, ಮುಂದಿನವರ ಹೆಸರು ಕೂಗಿದರು.